ಕಂಡೆನ್ಸರ್ ಬದಲಿಸಿದರೆ ಹಾಡು ತಿಳಿಯಾಗುತ್ತದೆಯೇ?

“ಕಂಡೆನ್ಸರ್ ಹೋಗ್ಯಾವಣ್ಣ, ಹೊಸಾವು ಹಾಕಿದ್ರ ಸೌಂಡ್ ಕ್ಲಿಯರ್ ಬರ್ತೈತಿ.” ಹಲವಾಗಲಿನಿಂದ ಹರಪನಹಳ್ಳಿಗೋ ಕೊಟ್ಟೂರಿಗೋ ಹಳೆಯ ಆಂಪ್ಲಿಫೈಯರ್ ಹೊತ್ತೊಯ್ದವರಿಗೆ ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳಿಸಿಯೇ ಇರುತ್ತದೆ. ಹೆಚ್ಚಿನ ಸಲ ಅದು ನಿಜವೂ ಆಗುತ್ತದೆ. ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ಸುಮ್ಮನಾಗುತ್ತದೆ, ಸೊರಗಿದ್ದ ಡೊಳ್ಳಿನ ಪೆಟ್ಟಿಗೆ ಮತ್ತೆ ತೂಕ ಬರುತ್ತದೆ, ಮನೆಮಂದಿಗೆಲ್ಲ ಖುಷಿಯಾಗುತ್ತದೆ. ಈ ಖುಷಿಯನ್ನೇ ಬಂಡವಾಳ ಮಾಡಿಕೊಂಡು ಈಗ ಮೊಬೈಲಿನ ಪರದೆಯಲ್ಲಿ ಬೇರೊಂದು ಮಾತು ಓಡಾಡುತ್ತಿದೆ: ಚೆನ್ನಾಗಿಯೇ ನುಡಿಯುತ್ತಿರುವ ಸೆಟ್ಟಿನ ಕಂಡೆನ್ಸರ್, ಐಸಿ, ಫ್ಯೂಸ್, ವೈರುಗಳನ್ನು ಕಿತ್ತು ‘ಆಡಿಯೊ ಗ್ರೇಡ್’ ಎಂದು ಅಚ್ಚಾದವನ್ನು ಹಾಕಿದರೆ ಗಾಯಕರೇ ಎದುರಿಗೆ ಬಂದು ಕೂತಂತೆ ಕೇಳಿಸುತ್ತದೆ ಎಂದು. ಒಂದೊಂದು ಫ್ಯೂಸಿಗೇ ಸಾವಿರಾರು ರೂಪಾಯಿ ಹೇಳುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟುಹೋದ, ಇಲ್ಲವೇ ಅಳತೆ ತಪ್ಪಿದ ಬಿಡಿಭಾಗ ಬದಲಿಸಿದರೆ ವ್ಯತ್ಯಾಸ ಕಿವಿಗೆ ಕೇಳುತ್ತದೆ. ಚೆನ್ನಾಗಿರುವುದನ್ನು ತೆಗೆದು ಅದೇ ಅಳತೆಯ ದುಬಾರಿಯದನ್ನು ಹಾಕಿದರೆ ಕೇಳುವುದಿಲ್ಲ. ನಮ್ಮ ಸೀಮೆಯ ಬಿಸಿಲು, ಧೂಳು, ಏರಿಳಿಯುವ ಕರೆಂಟು ಬಿಡಿಭಾಗಗಳನ್ನು ಬೇಗ ಮುದಿ ಮಾಡುತ್ತವೆ. ಹಾಗಾಗಿ ಇಲ್ಲಿ ಮೊದಲನೆಯ ಬಗೆಯ ಪ್ರಕರಣಗಳೇ ಹೆಚ್ಚು, ಬದಲಿಸಿದರೆ ಸುಧಾರಿಸುತ್ತದೆ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿರುವುದೂ ಅದಕ್ಕೇ.

ಆಂಪ್ಲಿಫೈಯರಿನ ಮುಚ್ಚಳ ತೆಗೆದರೆ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಡಬ್ಬಿಗಳು ಕಾಣುತ್ತವೆ. ಅವೇ ಫಿಲ್ಟರ್ ಕಂಡೆನ್ಸರುಗಳು. ಡಬ್ಬಿಯ ನೆತ್ತಿಯ ಮೇಲೆ ಕೂಡುಗೆರೆಯಂತೆ ಗೀರು ಹಾಕಿರುತ್ತಾರೆ, ಒಳಗೆ ಒತ್ತಡ ಹೆಚ್ಚಿದರೆ ಅಲ್ಲಿ ಬಿರಿಯಲಿ ಎಂದು. ನೆತ್ತಿ ಸಪಾಟಾಗಿರಬೇಕು. ಬೆರಳಾಡಿಸಿದಾಗ ಉಬ್ಬು ಸಿಕ್ಕರೆ, ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿದ್ದರೆ, ಅದರ ಕಥೆ ಮುಗಿಯಿತು. (ಮುಟ್ಟುವ ಮುಂಚೆ ಪ್ಲಗ್ ಕಿತ್ತಿರಬೇಕು, ಡಬ್ಬಿಯಲ್ಲಿ ಉಳಿದ ಕರೆಂಟನ್ನು 100 ಓಮ್, 5 ವ್ಯಾಟಿನ ರೆಸಿಸ್ಟರ್ ಹಿಡಿದು ಇಳಿಸಿರಬೇಕು. ಟ್ರಾನ್ಸ್‌ಫಾರ್ಮರಿನ ಬದಲು ಎಸ್‌ಎಂಪಿಎಸ್ ಇರುವ ಸೆಟ್ಟಿನಲ್ಲಿ 300 ವೋಲ್ಟಿಗೂ ಮೀರಿ ನಿಂತಿರುತ್ತದೆ. ಅದನ್ನು ಕೆಲಸ ಬಲ್ಲವರಿಗೇ ಬಿಡಿ.)

ಈ ಡಬ್ಬಿಗಳ ಕೆಲಸ ಇಷ್ಟು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ಹರಿಯುತ್ತದೆ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಅಲೆಗಳಾಗುತ್ತವೆ. ಅಲೆಯ ನೆತ್ತಿಯಲ್ಲಿ ಕಂಡೆನ್ಸರ್ ತುಂಬಿಕೊಳ್ಳುತ್ತದೆ, ಅಲೆ ಇಳಿದಾಗ ತನ್ನಲ್ಲಿದ್ದುದನ್ನು ಕೊಡುತ್ತದೆ. ಆಂಪ್ಲಿಫೈಯರ್ 1 ಆಂಪಿಯರ್ ಎಳೆಯುತ್ತಿದೆ, ಕಂಡೆನ್ಸರ್ 2200 ಮೈಕ್ರೊಫ್ಯಾರಡ್ ಇದೆ ಎಂದುಕೊಳ್ಳಿ. ಎರಡು ಅಲೆಗಳ ನಡುವೆ ವೋಲ್ಟೇಜು ಸುಮಾರು 4.5ರಷ್ಟು ಕುಸಿಯುತ್ತದೆ. 4700 ಹಾಕಿದರೆ ಕುಸಿತ 2 ವೋಲ್ಟಿನ ಆಸುಪಾಸಿಗೆ ಬರುತ್ತದೆ. ಅದೇ 2200 ಒಣಗಿ 500ಕ್ಕೆ ಇಳಿದಿದ್ದರೆ ಪ್ರತಿ ಅಲೆಯ ನಡುವೆಯೂ ಆಂಪ್ಲಿಫೈಯರಿಗೆ ಉಣ್ಣಲು ಏನೂ ಉಳಿಯುವುದಿಲ್ಲ. ಸ್ಪೀಕರಿನಲ್ಲಿ ಕೇಳುವ ಗುಂಯ್ ಆ ನೂರರ ಅಲೆ. ತಂಬೂರಿಯ ಶ್ರುತಿ ಹಿಡಿದು ಹಾಡುವ ಮಲ್ಲಿಕಾರ್ಜುನ ಮನ್ಸೂರರ ವಚನವನ್ನು ಅಂಥ ಸೆಟ್ಟಿನಲ್ಲಿ ಹಾಕಿ ಕೇಳಿದರೆ ಶ್ರುತಿಯ ಕೆಳಗೆ ಬೇರೊಂದು ಅಪಶ್ರುತಿ ಹರಿಯುತ್ತಿರುತ್ತದೆ. ಸಿನಿಮಾ ಹಾಡಿನ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ಸೆಟ್ಟಿನ ಆರೋಗ್ಯ ನೋಡಲು ಇಂಥ ನಿಧಾನದ ಹಾಡೇ ಆಗಬೇಕು.

ಕಂಡೆನ್ಸರ್ ಒಣಗುವುದು ಏಕೆ? ಅದರೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವಿದೆ. ಬಿಸಿಗೆ ಆ ದ್ರವ ಮೆಲ್ಲಗೆ ಆರುತ್ತದೆ. ಡಬ್ಬಿಯ ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಎಂದು ಬರೆದಿರುತ್ತಾರೆ. ಸಾಮಾನ್ಯ ಮಾಲು ಆ ಬಿಸಿಯಲ್ಲಿ 2000 ಗಂಟೆ ಬಾಳುತ್ತದೆ ಎಂಬುದು ಲೆಕ್ಕ. ಬಿಸಿ 10 ಡಿಗ್ರಿ ಕಡಿಮೆಯಾದಂತೆಲ್ಲ ಆಯುಷ್ಯ ಇಮ್ಮಡಿ. ಏಪ್ರಿಲ್‌ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿಯ ಸುತ್ತ ಇರುತ್ತದೆ. ಶೋಕೇಸಿನಲ್ಲಿ ಗಾಳಿಯಾಡದಂತೆ ಇಟ್ಟ ಆಂಪ್ಲಿಫೈಯರಿನೊಳಗೆ, ಹೀಟ್‌ಸಿಂಕಿನ ಮಗ್ಗುಲಲ್ಲಿ ಅದು 65 ಮುಟ್ಟಿತು ಎನ್ನೋಣ. 85ರ ಡಬ್ಬಿಗೆ ಆಗ 8000 ಗಂಟೆ ಸಿಗುತ್ತದೆ. ದಿನಕ್ಕೆ 5 ಗಂಟೆ ಹಾಡಿಸುವ ಮನೆಯಲ್ಲಿ ನಾಲ್ಕು ವರ್ಷ ದಾಟುವಷ್ಟರಲ್ಲಿ ತೀರಿತು. 105ರದ್ದಕ್ಕೆ 32,000 ಗಂಟೆ, ಅಂದರೆ ಅದೇ ಮನೆಯಲ್ಲಿ ಹದಿನೇಳು ವರ್ಷ. ಈ ಎರಡರ ಬೆಲೆಯ ಅಂತರ ಕೆಲವೇ ರೂಪಾಯಿ. ದನಿ ಸುಧಾರಿಸುವುದಕ್ಕಲ್ಲ, ಇರುವ ದನಿ ಉಳಿಯುವುದಕ್ಕೆ ಮಾಡಬೇಕಾದ ಬದಲಾವಣೆ ಇದು. ಚಿನ್ನದ ಬಣ್ಣದ ‘ಆಡಿಯೊ ಗ್ರೇಡ್’ ಡಬ್ಬಿ ಕೇಳುವ ಬದಲು 105 ಡಿಗ್ರಿಯದು ಕೇಳಿ ತರುವುದು ಜಾಣತನ.

ಇನ್ನು ಕರೆಂಟಿನ ವಿಷಯ. ಇದನ್ನು ಪಟ್ಟಣದಲ್ಲಿ ಕೂತು ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹೊಲಗಳಿಗೆ ತ್ರೀ ಫೇಸ್ ಬಿಟ್ಟ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಮೋಟರುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಅದೇ ಲೈನಿನ ತುದಿಯಲ್ಲಿರುವ ಮನೆಗಳಲ್ಲಿ 230 ಇರಬೇಕಾದ ವೋಲ್ಟೇಜು ಜಗ್ಗುತ್ತದೆ. ಅದು 180ಕ್ಕೆ ಬಂತು ಎನ್ನಿ. ಊರಲ್ಲಿ ಜೋಡಿಸಿದ ಸೆಟ್ಟುಗಳಲ್ಲಿ ಹೆಚ್ಚಾಗಿ ಕಾಣುವ 12-0-12 ಟ್ರಾನ್ಸ್‌ಫಾರ್ಮರ್ ಆಗ 12ರ ಬದಲು 9.4 ಕೊಡುತ್ತದೆ. 230 ಇದ್ದಾಗ ಡಯೋಡಿನ ಆಚೆ 16 ವೋಲ್ಟ್ ಸಿಗುತ್ತಿತ್ತು, ಈಗ 12.6. ಬಾಸ್–ಟ್ರೆಬಲ್ ಬೋರ್ಡಿಗೆ ಸ್ಥಿರ ವೋಲ್ಟೇಜು ಕೊಡುವ 7812 ಐಸಿ ಸರಿಯಾಗಿ ನಡೆಯಲು ಅದಕ್ಕೆ ಸುಮಾರು 14 ವೋಲ್ಟ್ ಬೇಕು. ಸಿಗದಿದ್ದಾಗ ಅದು ಕೈಚೆಲ್ಲುತ್ತದೆ, ನೂರರ ಅಲೆ ನೇರವಾಗಿ ಒಳಗೆ ನುಗ್ಗುತ್ತದೆ. ಮೋಟರು ಓಡುವ ಹೊತ್ತಿನಲ್ಲಿ ಮಾತ್ರ ಗುಂಯ್ ಎನ್ನುವ, ಉಳಿದ ಹೊತ್ತು ಸರಿಯಿರುವ ಸೆಟ್ಟಿಗೆ ಯಾವ ದೇಶದ ಕಂಡೆನ್ಸರ್ ಹಾಕಿದರೂ ಪ್ರಯೋಜನವಿಲ್ಲ. ಅದಕ್ಕೆ ಬೇಕಿರುವುದು ಸ್ಟೆಬಿಲೈಸರ್, ಇಲ್ಲವೇ 15-0-15 ಟ್ರಾನ್ಸ್‌ಫಾರ್ಮರ್. ಎರಡನೆಯದನ್ನು ಹಾಕುವುದಾದರೆ ಒಳಗಿನ ಐಸಿ ಮತ್ತು ಕಂಡೆನ್ಸರುಗಳು ಅಷ್ಟು ವೋಲ್ಟ್ ತಾಳುತ್ತವೆಯೇ ಎಂದು ಮೊದಲು ನೋಡಬೇಕು.

ರಾತ್ರಿ ಮೋಟರುಗಳು ನಿಂತ ಮೇಲೆ ಇದರ ಉಲ್ಟಾ ನಡೆಯುತ್ತದೆ. ವೋಲ್ಟೇಜು 250ಕ್ಕೆ ಏರಿದರೆ ಡಯೋಡಿನ ಆಚೆಯ ಫಿಲ್ಟರ್ ಡಬ್ಬಿಯ ಮೇಲೆ 17.7 ಬೀಳುತ್ತದೆ, ಹಾಡು ನಿಲ್ಲಿಸಿ ಆನ್ ಮಾಡಿಯೇ ಬಿಟ್ಟಿದ್ದರೆ ಇನ್ನೂ ಹೆಚ್ಚು. ಅಲ್ಲಿ 16 ವೋಲ್ಟ್ ಎಂದು ಬರೆದ ಕಂಡೆನ್ಸರ್ ಇದ್ದರೆ ಅದು ಉಬ್ಬದೆ ಇನ್ನೇನು ಮಾಡೀತು? 25 ವೋಲ್ಟಿನದು ಬೇಕು, 35ರದ್ದಾದರೆ ನಿಶ್ಚಿಂತೆ. ಹಾಗೆಂದು ಮೈಕ್ರೊಫ್ಯಾರಡನ್ನು ಮನಸ್ಸಿಗೆ ಬಂದಷ್ಟು ಏರಿಸಬಾರದು. 2200 ಇದ್ದಲ್ಲಿ 4700 ಸರಿ. 22,000 ಹಾಕಿದರೆ ಸ್ವಿಚ್ ಒತ್ತಿದ ಕ್ಷಣ ಅದನ್ನು ತುಂಬಲು ನುಗ್ಗುವ ಕರೆಂಟು 1 ಆಂಪಿಯರಿನ 1ಎನ್4007 ಡಯೋಡುಗಳನ್ನು ಸುಡಬಹುದು. ಡಯೋಡ್ ಬದಲಿಸಿ 3 ಆಂಪಿಯರಿನ 1ಎನ್5408 ಹಾಕುವುದು ಬೇರೆ ಮಾತು. ದನಿಯಲ್ಲಿ ಏನೂ ಬದಲಾಗುವುದಿಲ್ಲ, ಸೆಟ್ಟು ಮಾತ್ರ ಹೆಚ್ಚು ಕಾಲ ಬಾಳುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕರೆಂಟು ಕೊಡುವ ಭಾಗದ ಕಥೆ. ಹಾಡು ಹಾದುಹೋಗುವ ದಾರಿಯಲ್ಲಿರುವ ಕಪ್ಲಿಂಗ್ ಕಂಡೆನ್ಸರುಗಳ ಬಗ್ಗೆ ಜಗಳ ಜಾಸ್ತಿ. ಅಮೆರಿಕದ ‘ಆಡಿಯೊ’ ಪತ್ರಿಕೆಯಲ್ಲಿ 1980ರಲ್ಲಿ ವಾಲ್ಟ್ ಜಂಗ್ ಮತ್ತು ರಿಚರ್ಡ್ ಮಾರ್ಷ್ ಬರೆದ ಲೇಖನ ಈ ಚರ್ಚೆಯನ್ನು ಮನೆಮನೆಗೆ ತಂದಿತು. ಕಂಡೆನ್ಸರಿನೊಳಗೆ ಯಾವ ಪದಾರ್ಥವಿದೆ ಎನ್ನುವುದು ದನಿಗೆ ಮುಖ್ಯ ಎಂದು ಅವರು ವಾದಿಸಿದರು. ಅದರಲ್ಲಿ ನಿಜಾಂಶವಿದೆ. ಕೆಲವು ಬಗೆಯ ಸೆರಾಮಿಕ್ ಬಿಲ್ಲೆಗಳ ಮೈಕ್ರೊಫ್ಯಾರಡ್ ಅವುಗಳ ಮೇಲೆ ಬೀಳುವ ವೋಲ್ಟಿಗೆ ತಕ್ಕಂತೆ ಬದಲಾಗುತ್ತದೆ. ಹಾಡು ಹಾಯುವ ದಾರಿಯಲ್ಲಿ ಅಂಥದ್ದಿದ್ದರೆ ದನಿ ಒರಟಾಗುವುದನ್ನು ಯಂತ್ರದಲ್ಲಿ ಅಳೆಯಬಹುದು. ಅಲ್ಲಿ ಪಾಲಿಯೆಸ್ಟರ್ ಫಿಲ್ಮ್ ಕಂಡೆನ್ಸರ್ ಹಾಕುವುದು ಸರಿಯಾದ ಕೆಲಸ. ಎಲೆಕ್ಟ್ರೊಲಿಟಿಕ್ ಡಬ್ಬಿಯ ವಿಷಯದಲ್ಲಿ ಇಂಗ್ಲೆಂಡಿನ ಡಗ್ಲಸ್ ಸೆಲ್ಫ್ ಅಳೆದು ತೋರಿಸಿದ ಮಾತು ನನಗೆ ಹೆಚ್ಚು ಉಪಯುಕ್ತ ಎನಿಸುತ್ತದೆ: ಡಬ್ಬಿ ಸಾಕಷ್ಟು ದೊಡ್ಡದಿದ್ದು ಅದರ ಎರಡು ಕಾಲುಗಳ ನಡುವೆ ಹಾಡಿನ ವೋಲ್ಟೇಜು ನಿಲ್ಲದೆ ದಾಟಿಹೋಗುವಂತಿದ್ದರೆ ಅದು ದನಿ ಕೆಡಿಸುವುದಿಲ್ಲ.

ಅಂದರೆ ಇಲ್ಲಿ ಕಂಪನಿಗಿಂತ ಅಳತೆ ದೊಡ್ಡದು. 10 ಕಿಲೊ ಓಮಿನ ವಾಲ್ಯೂಮ್ ಕಂಟ್ರೋಲಿನ ಮುಂದೆ 0.1 ಮೈಕ್ರೊಫ್ಯಾರಡ್ ಇದ್ದರೆ ಅದು ಸೆಕೆಂಡಿಗೆ 159 ಕಂಪನಗಳಿಗಿಂತ ಕೆಳಗಿನ ದನಿಯನ್ನು ತಡೆಯತೊಡಗುತ್ತದೆ. ಡೊಳ್ಳಿನ, ಸಮಾಳದ ಗುಡುಗೆಲ್ಲ ಇರುವುದು ಅಲ್ಲೇ. ಅದನ್ನು ತೆಗೆದು 1 ಮೈಕ್ರೊಫ್ಯಾರಡ್ ಹಾಕಿದರೆ ತಡೆ 16ಕ್ಕೆ ಇಳಿಯುತ್ತದೆ, ಗುಡುಗು ಮರಳಿ ಬರುತ್ತದೆ. ‘ಕಂಡೆನ್ಸರ್ ಬದಲಿಸಿದೆ, ಬಾಸ್ ಬಂತು’ ಎನ್ನುವವರ ಮಾತು ಸುಳ್ಳಲ್ಲ. ಆದರೆ ಬಾಸ್ ತಂದದ್ದು 1 ಎಂಬ ಅಂಕಿ, ಡಬ್ಬಿಯ ಮೇಲಿನ ಹೆಸರಲ್ಲ.

ಸ್ಪೀಕರ್ ಪೆಟ್ಟಿಗೆಯ ಒಳಗೊಂದು ಪುಟ್ಟ ಕಂಡೆನ್ಸರ್ ಇದೆ. ಅದನ್ನು ಯಾರೂ ನೆನೆಯುವುದಿಲ್ಲ, ನನ್ನ ಮಟ್ಟಿಗೆ ಮನೆಯ ಆಡಿಯೊದಲ್ಲಿ ಮೊದಲು ನೋಡಬೇಕಾದದ್ದೇ ಅದು. ಟ್ವೀಟರಿನ ತಂತಿಗೆ ಸರಣಿಯಲ್ಲಿ ಕೂಡಿಸಿದ 2.2, 3.3 ಅಥವಾ 4.7 ಮೈಕ್ರೊಫ್ಯಾರಡಿನ ತುಣುಕು. ಕೆಳದನಿಯನ್ನು ತಡೆದು ಕೀಚಲು ದನಿಯನ್ನಷ್ಟೇ ಟ್ವೀಟರಿಗೆ ಬಿಡುತ್ತದೆ. 8 ಓಮಿನ ಟ್ವೀಟರಿಗೆ 4.7 ಇದ್ದರೆ ಗಡಿ ಸುಮಾರು 4200 ಕಂಪನ. ಅದು ಒಣಗಿ 2.2ಕ್ಕೆ ಬಂದರೆ ಗಡಿ 9000ಕ್ಕೆ ಹಾರುತ್ತದೆ. ನಡುವಿನ ದನಿಯನ್ನು ವೂಫರೂ ಸರಿಯಾಗಿ ನುಡಿಸುವುದಿಲ್ಲ, ಟ್ವೀಟರೂ ನುಡಿಸುವುದಿಲ್ಲ. ತಾಳದ ಕಿಣಿಕಿಣಿ, ಹಾಡುವವರ ‘ಸ’ಕಾರ ‘ಶ’ಕಾರಗಳು ಮಸುಕಾಗುತ್ತವೆ. ಇಲ್ಲಿ ಅದೇ 4.7ರ ಪಾಲಿಪ್ರಾಪಿಲೀನ್ ಫಿಲ್ಮ್ ಕಂಡೆನ್ಸರ್ ಹಾಕಿಸಿ. ಅದು ಒಣಗುವುದೇ ಇಲ್ಲ. ಇನ್ನೂ ಚೆನ್ನಾಗಿ ಕೇಳಲಿ ಎಂದು 10 ಹಾಕಿಸಿದರೆ ಮಾತ್ರ ತಾಳಲಾರದ ಕೆಳದನಿ ನುಗ್ಗಿ ಟ್ವೀಟರಿನ ಕಾಯಿಲ್ ಸುಡುತ್ತದೆ.

ಅಟ್ಟದ ಮೇಲೆ ವಾಲ್ವ್ ರೇಡಿಯೊ ಉಳಿಸಿಕೊಂಡ ಮನೆಗಳೂ ಇವೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಬಂದ ಪೆಟ್ಟಿಗೆಗಳು ಅವು. ವಾಲ್ವ್‌ಗಳನ್ನು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಿಂದ ತಾನೇ ತಯಾರಿಸತೊಡಗಿತು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ. ಆ ರೇಡಿಯೊಗಳ ಮೇಣ ಬಳಿದ ಕಾಗದದ ಕಂಡೆನ್ಸರುಗಳು ಈಗ ಸೋರುತ್ತವೆ. ಸೋರಿದ ವೋಲ್ಟೇಜು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗಿ ವಾಲ್ವ್ ಮಿತಿಮೀರಿ ಕಾಯುತ್ತದೆ, ದನಿ ಒಡೆಯುತ್ತದೆ, ಕೊನೆಗೆ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ವಾಲ್ವ್ ಸೆಟ್ಟನ್ನು ಆ ಕಂಡೆನ್ಸರುಗಳನ್ನು ಬದಲಿಸದೆ ಪ್ಲಗ್ಗಿಗೆ ಹಾಕಲೇಬೇಡಿ.

ಐಸಿ ಬದಲಿಸುವ ಹುಚ್ಚು ಇನ್ನೊಂದು. ಬಾಸ್–ಟ್ರೆಬಲ್ ಬೋರ್ಡಿನಲ್ಲಿರುವ ಎಂಟು ಕಾಲಿನ 4558 ತೆಗೆದು ಅದೇ ಜಾಗಕ್ಕೆ 5532 ಹಾಕಬಹುದು, ಕಾಲುಗಳ ಜೋಡಣೆ ಒಂದೇ. 5532ರ ಸ್ವಂತ ಸದ್ದು ಕಡಿಮೆ, ವೇಗ ಹೆಚ್ಚು. ಹಾಡು ಹಾಕದೆ ವಾಲ್ಯೂಮ್ ಪೂರ್ತಿ ಏರಿಸಿದಾಗ ಕೇಳುವ ‘ಸ್ಸ್’ ಸ್ವಲ್ಪ ತಗ್ಗುತ್ತದೆ. ಹಾಡು ಹಾಕಿದ ಮೇಲೆ ಎರಡಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಕ್ಯಾಸೆಟ್ಟಿನಿಂದ ಕೇಳುವವರಿಗಂತೂ ಟೇಪಿನ ಸದ್ದೇ ಐಸಿಯ ಸದ್ದಿಗಿಂತ ಎಷ್ಟೋ ಪಾಲು ಹೆಚ್ಚು. ಐಸಿ ಸಾಕೆಟ್ಟಿನಲ್ಲಿದ್ದರೆ ಬದಲಿಸಿ ನೋಡಿ, ನಷ್ಟವಿಲ್ಲ. ಬೋರ್ಡಿಗೆ ಬೆಸುಗೆಯಾಗಿದ್ದರೆ ಬಿಡಿ. ಕಾದ ಸೋಲ್ಡರಿಂಗ್ ಐರನ್ನಿಗೆ ಬೋರ್ಡಿನ ತಾಮ್ರದ ಗೆರೆಯೇ ಎದ್ದುಬಂದರೆ ಸುಧಾರಣೆಯ ಹೆಸರಲ್ಲಿ ಸೆಟ್ಟೇ ಹಾಳು.

ಔಟ್‌ಪುಟ್ಟಿನಲ್ಲಿ ಸಿ5200, ಎ1943 ಟ್ರಾನ್ಸಿಸ್ಟರ್ ಜೋಡಿ ಹಾಕಿಸುವವರು ಒಂದು ಎಚ್ಚರಿಕೆ ವಹಿಸಬೇಕು. ಅಸಲಿ ಸಿ5200 ತಾಳುವುದು 230 ವೋಲ್ಟ್, 15 ಆಂಪಿಯರ್. ಮಾರುಕಟ್ಟೆಯಲ್ಲಿ ನಕಲಿ ಮಾಲು ಧಾರಾಳ: ಹೊರಗೆ ಅದೇ ಅಚ್ಚು, ಒಳಗೆ ಅದರ ಕಾಲುಭಾಗದ ಚೂರು. ಕಂಡೆನ್ಸರಿನಲ್ಲೂ ದೊಡ್ಡ ಡಬ್ಬಿಯೊಳಗೆ ಚಿಕ್ಕ ಡಬ್ಬಿ ಕೂಡಿಸಿ ಮಾರುವವರಿದ್ದಾರೆ. ಕೈಗೆ ಹಗುರ ಎನಿಸಿದ್ದನ್ನು ಕೊಳ್ಳಬೇಡಿ. ಮೈಕ್ರೊಫ್ಯಾರಡ್ ಅಳೆಯುವ ಮಲ್ಟಿಮೀಟರ್ ಅಂಗಡಿಯಲ್ಲಿದ್ದರೆ ಎದುರಿಗೇ ಅಳೆಸಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಅವರ ಕೈಯಲ್ಲಿ ಚೀಟಿ ಕಳಿಸುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ; ಚೀಟಿಯಲ್ಲಿ ಮೈಕ್ರೊಫ್ಯಾರಡ್, ವೋಲ್ಟ್, ಡಿಗ್ರಿ ಮೂರನ್ನೂ ಬರೆದಿರಬೇಕು.

ಫ್ಯೂಸಿನ ವಿಚಾರ ಬೇಗ ಮುಗಿಸಬಹುದು. ಊರಿನ ಟಿಸಿಯಿಂದ (ಕರೆಂಟಿನ ಟ್ರಾನ್ಸ್‌ಫಾರ್ಮರಿನಿಂದ) ಮನೆಯ ತನಕ ನೂರಾರು ಮೀಟರ್ ಅಲ್ಯೂಮಿನಿಯಂ ತಂತಿ, ಮೀಟರಿನಿಂದ ಪ್ಲಗ್ಗಿನ ತನಕ ಮತ್ತಷ್ಟು ವೈರು ದಾಟಿ ಬಂದ ಕರೆಂಟು ಕೊನೆಯ ಎರಡು ಸೆಂಟಿಮೀಟರ್ ಬೆಳ್ಳಿಯ ಫ್ಯೂಸಿನಲ್ಲಿ ಹಾದದ್ದಕ್ಕೆ ಶುದ್ಧವಾಗುವುದಿಲ್ಲ. ಫ್ಯೂಸಿನಲ್ಲಿ ನೋಡಬೇಕಾದದ್ದು ಆಂಪಿಯರ್, ಮತ್ತು ಅದು ತಡೆದು ಸುಡುವ ‘ಟಿ’ ಬಗೆಯೋ ತಟ್ಟನೆ ಸುಡುವ ‘ಎಫ್’ ಬಗೆಯೋ ಎಂಬುದು. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿಯ ಎಳೆ ಸುತ್ತುವುದು, ಸಿಗರೇಟಿನ ಬೆಳ್ಳಿ ಕಾಗದ ಮಡಚಿ ಇಡುವುದು ನಮ್ಮಲ್ಲಿ ಇನ್ನೂ ನಡೆದಿದೆ. ಮನೆಗೆ ಬೆಂಕಿ ಬೀಳುವ ದಾರಿ ಅದು. ಐದು ರೂಪಾಯಿಯ ಗಾಜಿನ ಫ್ಯೂಸ್ ನಾಲ್ಕು ತಂದಿಟ್ಟುಕೊಳ್ಳಿ.

ಸ್ಪೀಕರ್ ವೈರಿನಲ್ಲಿ ದಪ್ಪಕ್ಕೆ ಬೆಲೆಯಿದೆ, ಹೆಸರಿಗಿಲ್ಲ. 5 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರಿನ ತಾಮ್ರದ ವೈರು ಹೋಗಿ ಬರುವ ದಾರಿಯಲ್ಲಿ 0.23 ಓಮ್ ತಡೆಯುತ್ತದೆ. 4 ಓಮಿನ ಸ್ಪೀಕರಿಗೆ ಅದರಿಂದ ಅರ್ಧ ಡೆಸಿಬೆಲ್ ನಷ್ಟ. 2.5ರ ಸಾಮಾನ್ಯ ವೈರಿಂಗ್ ವೈರು ಹಾಕಿದರೆ ನಷ್ಟ 0.15ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಂದೆ ಹೋಗುವ ಅಗತ್ಯವಿಲ್ಲ.

ಇಷ್ಟು ಹೇಳಿದ ಮೇಲೂ ‘ನನ್ನ ಕಿವಿಗೆ ವ್ಯತ್ಯಾಸ ಕೇಳಿದೆ’ ಎನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವುದು ಸರಿಯಲ್ಲ. ಪರೀಕ್ಷೆ ಮಾಡುವ ದಾರಿಯಿದೆ. ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೂ ಕೇಳಿಸುವವರಿಗೂ ಗೊತ್ತಿಲ್ಲದಂತೆ ಎರಡನ್ನು ಅದಲುಬದಲು ಮಾಡುವ ಪೆಟ್ಟಿಗೆಯ ಬಗ್ಗೆ ಡೇವಿಡ್ ಕ್ಲಾರ್ಕ್ 1982ರಲ್ಲಿ ಬರೆದಿದ್ದರು. ಮನೆಯಲ್ಲಿ ಆ ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ, ಸ್ಟೀರಿಯೊ ಆಂಪ್ಲಿಫೈಯರಿನೊಳಗೆ ಒಂದೇ ತರಹದ ಎರಡು ಆಂಪ್ಲಿಫೈಯರ್ ಇರುತ್ತವಲ್ಲ. ಎಡಗಡೆಯ ಚಾನೆಲ್ಲಿಗೆ ಮಾತ್ರ ಹೊಸ ಬಿಡಿಭಾಗ ಹಾಕಿಸಿ, ಬಲಗಡೆ ಹಳೆಯದೇ ಇರಲಿ. ಫೋನಿನಲ್ಲಿ ಮೋನೊ ಆಯ್ಕೆ ಒತ್ತಿ ಎರಡಕ್ಕೂ ಒಂದೇ ಹಾಡು ಕೊಡಿ. ಒಂದೇ ಸ್ಪೀಕರನ್ನು ಸರದಿಯಂತೆ ಎರಡು ಕಡೆಗೂ ಸಿಕ್ಕಿಸಿ ಕೇಳಬೇಕು, ಇಲ್ಲದಿದ್ದರೆ ಸ್ಪೀಕರುಗಳ ನಡುವಿನ ವ್ಯತ್ಯಾಸವನ್ನೇ ಕಂಡೆನ್ಸರಿಗೆ ಹಚ್ಚುತ್ತೀರಿ. ಎರಡೂ ಕಡೆ ಜೋರು ಒಂದೇ ಇರುವಂತೆ ಮೀಟರಿನಲ್ಲಿ ವೋಲ್ಟೇಜು ನೋಡಿ ಸರಿ ಮಾಡಿಕೊಳ್ಳುವುದು ಮುಖ್ಯ, ಏಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಚೆನ್ನ ಎನಿಸುತ್ತದೆ. ವೈರು ಬದಲಿಸುವವರು ನಿಮ್ಮ ಬೆನ್ನ ಹಿಂದೆ ಇರಲಿ, ಸೆಟ್ಟು ಆರಿಸಿಯೇ ಬದಲಿಸಲಿ, ನಾಣ್ಯ ಚಿಮ್ಮಿ ಯಾವ ಕಡೆ ಎಂದು ಗೊತ್ತುಮಾಡಲಿ. ಹತ್ತು ಸಲ ಕೇಳಿ ಒಂಬತ್ತು ಸಲ ಸರಿ ಹೇಳಿದರೆ ವ್ಯತ್ಯಾಸ ಇದೆ ಎಂದು ನಂಬಬಹುದು. ಬರೀ ಅಂದಾಜಿನಲ್ಲಿ ಅಷ್ಟು ಸರಿ ಬೀಳುವ ಸಾಧ್ಯತೆ ನೂರಕ್ಕೆ ಒಂದರಷ್ಟೇ. ಆರೇಳು ಸಲ ಸರಿಯಾಗುವುದು ಅಂದಾಜಿನಲ್ಲೂ ಆಗುತ್ತಲೇ ಇರುತ್ತದೆ.

ದುಡ್ಡು ಖರ್ಚಾಗದ ಸುಧಾರಣೆಗಳೇ ಹೆಚ್ಚು ಫಲ ಕೊಡುತ್ತವೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಒಳಗಿನ ಪಟ್ಟಿಯ ಮೇಲೆ ಧೂಳು ಕೂತಿದೆ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿದರೆ ಹೋಗುತ್ತದೆ. ಆಗಾಗ ಒಂದು ಕಡೆಯ ಸ್ಪೀಕರ್ ನಿಂತು, ಪೆಟ್ಟಿಗೆ ತಟ್ಟಿದರೆ ಬರುತ್ತಿದ್ದರೆ ಅದು ಡ್ರೈ ಸೋಲ್ಡರ್. ಬೆಸುಗೆ ಮತ್ತೆ ಕಾಯಿಸಿದರೆ ಸಾಕು. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಂತೆ ಸ್ಪೀಕರಿನ ಜೀಂಯ್ ಬದಲಾಗುತ್ತಿದ್ದರೆ ತಪ್ಪು ಆಂಪ್ಲಿಫೈಯರಿನದಲ್ಲ. ಟಿವಿಗೆ ಡಿಶ್ ಕೇಬಲ್ ಸಿಕ್ಕಿಸಿದಾಗ ಮಾತ್ರ ಗುಂಯ್ ಬಂದರೆ ಅದು ಅರ್ಥಿಂಗಿನ ತಕರಾರು. ಮಣ್ಣಿನ ಮಾಳಿಗೆ ಮನೆ ಬಿಟ್ಟು ಟೈಲ್ಸ್ ಹಾಕಿದ ಆರ್‌ಸಿಸಿ ಮನೆಗೆ ಬಂದವರಿಗೆ ಅದೇ ಸೆಟ್ಟಿನ ದನಿ ಕರ್ಕಶ ಎನಿಸಲು ಕಾರಣ ಬರಿಯ ಗೋಡೆಗಳು. ಸ್ಪೀಕರಿನ ಎದುರು ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿಯೊಂದನ್ನು ಇಳಿಬಿಟ್ಟು, ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆಗೆ ತಂದು ಅದೇ ಹಾಡು ಕೇಳಿ. ಯಾವ ಕಂಡೆನ್ಸರೂ ಕೊಡದಷ್ಟು ಬದಲಾವಣೆ ಅಲ್ಲಿ ಸಿಗುತ್ತದೆ.

ಆಮೇಲೂ ರಿಪೇರಿಗೆ ಒಯ್ಯಬೇಕಾಯಿತೆಂದರೆ ಮೆಕ್ಯಾನಿಕ್‌ಗೆ ‘ಸೌಂಡ್ ಚಲೋ ಬರೋಹಂಗ ಮಾಡಪಾ’ ಎಂದಷ್ಟೇ ಹೇಳಿ ಬರಬೇಡಿ. ಗುಂಯ್ ಯಾವ ಹೊತ್ತಿನಲ್ಲಿ ಬರುತ್ತದೆ, ವಾಲ್ಯೂಮ್ ಇಳಿಸಿದರೂ ಉಳಿಯುತ್ತದೆಯೇ, ಎರಡೂ ಸ್ಪೀಕರಿನಲ್ಲೋ ಒಂದರಲ್ಲೋ ಎಂದು ತಿಳಿಸಿ. ವಾಲ್ಯೂಮ್ ಸೊನ್ನೆಗಿಳಿಸಿದರೂ ಗುಂಯ್ ಅಷ್ಟೇ ಇದ್ದರೆ ಫಿಲ್ಟರ್ ಕಂಡೆನ್ಸರಿನ ಮೇಲೆ ಅನುಮಾನ, ಇಳಿಸಿದಂತೆ ಇಳಿದರೆ ತಪ್ಪು ವಾಲ್ಯೂಮ್ ಕಂಟ್ರೋಲಿಗೂ ಮುಂಚಿನ ಭಾಗದಲ್ಲಿದೆ. ಬದಲಿಸಿದ ಹಳೆಯ ಬಿಡಿಭಾಗಗಳನ್ನು ಕೇಳಿ ಇಸಿದುಕೊಳ್ಳಿ, ಮೀಟರಿಗೆ ಹಿಡಿದು ನೋಡಿ. 2200 ಎಂದು ಬರೆದ ಡಬ್ಬಿ 600 ತೋರಿಸಿದರೆ ಕೊಟ್ಟ ದುಡ್ಡು ಸಾರ್ಥಕ, 2100 ತೋರಿಸಿದರೆ ಮುಂದಿನ ಸಲ ಬೇರೆ ಕಡೆ ಹುಡುಕಬೇಕು.